ಹಳೇ ಗಾಯದ ಮೂಳೆ ಸೋಂಕಿಗೆ ಡಿಸೆಬಿಲಿಟಿ ಪೆನ್ಷನ್ ಕೇಳುವುದು ಹೇಗೆ?

ಸೇವೆಯಲ್ಲಿದ್ದಾಗ ಕಾಲು ಮುರಿದು, ರಾಡ್ ಹಾಕಿಸಿಕೊಂಡು, ವಾಸಿಯಾಯ್ತು ಅಂತ ಊರಿಗೆ ಬಂದ ಮಾಜಿ ಸೈನಿಕರು ಕೊಡಗಿನಲ್ಲಿ ಬೇಕಾದಷ್ಟಿದ್ದಾರೆ. ವರ್ಷಗಳ ಮೇಲೆ ಅದೇ ಜಾಗ ಊದಿಕೊಳ್ಳುತ್ತದೆ, ಸಣ್ಣ ತೂತು ಬಿದ್ದು ಕೀವು ಸೋರುತ್ತದೆ. ಡಾಕ್ಟರು ಚೀಟಿಯಲ್ಲಿ ‘ಕ್ರಾನಿಕ್ ಆಸ್ಟಿಯೋಮೈಲೈಟಿಸ್’, ಅಂದರೆ ಬಹುಕಾಲದ ಮೂಳೆ ಸೋಂಕು ಅಂತ ಬರೆಯುತ್ತಾರೆ. ಕಾಯಿಲೆ ಇದೆ ಅನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಂದಿನ ಗಾಯಕ್ಕೂ ಇಂದಿನ ಕೀವಿಗೂ ಇರುವ ನಂಟು ಕಾಗದದಲ್ಲಿ ಕಾಣದೆ ಅರ್ಜಿ ಬಿದ್ದುಹೋಗುತ್ತದೆ.

ಮೊದಲು ಹಳೇ ಕಾಗದ

ಡಿಸ್ಚಾರ್ಜ್ ಬುಕ್, ಪಿಪಿಒ (ಪೆನ್ಷನ್ ಪಾವತಿ ಆದೇಶ), ಮಿಲಿಟರಿ ಆಸ್ಪತ್ರೆಯ ಚೀಟಿಗಳನ್ನು ಒಟ್ಟು ಮಾಡಿ. ನಮ್ಮ ಮಳೆಗೆ ಬೂಷ್ಟು ಹಿಡಿಯುತ್ತದೆ ಅಂತ ಲ್ಯಾಮಿನೇಷನ್ ಮಾಡಿಸಬೇಡಿ. ಆಮೇಲೆ ಅದರ ಮೇಲೆ ಸೀಲು ಕೂರುವುದಿಲ್ಲ. ಅಂಗಡಿಯ ತೆಳು ಪ್ಲಾಸ್ಟಿಕ್ ಕವರ್ ಇನ್ನೂ ಕೆಟ್ಟದ್ದು, ಒಳಗೇ ಬೆವತು ಶಾಯಿ ಕದಡುತ್ತದೆ. ಸ್ಟೀಲ್ ಡಬ್ಬವೇ ಸರಿ.

ಮುಖ್ಯವಾದದ್ದು ಇಂಜುರಿ ರಿಪೋರ್ಟ್, ಅಂದರೆ ಐಎಎಫ್‌ವೈ-2006 ಫಾರಂ. ಗಾಯವಾದಾಗ ನೀವು ಡ್ಯೂಟಿಯಲ್ಲಿದ್ದಿರಾ ಅನ್ನುವುದು ಇದರಲ್ಲಿರುತ್ತದೆ. ನಿಮ್ಮ ಬಳಿ ಇಲ್ಲದಿದ್ದರೆ ನಿಮ್ಮ ಸೇವಾ ದಾಖಲೆ ಇಟ್ಟಿರುವ ರೆಕಾರ್ಡ್ ಆಫೀಸಿಗೆ ಬರೆಯಿರಿ. ಉತ್ತರ ಬರದಿದ್ದರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ನಿವೃತ್ತಿ ಸಮಯದ ಮೆಡಿಕಲ್ ಬೋರ್ಡ್ (ಸೇನೆಯ ವೈದ್ಯರ ಮಂಡಳಿ) ಕಡತದ ನಕಲನ್ನೂ ಅದರಲ್ಲೇ ಕೇಳಿ.

ಎಡವುವುದು ಇಲ್ಲೇ

ಈಗಿನ ವೈದ್ಯಕೀಯ ವರದಿಯಲ್ಲಿ ಜನ ಸೋಲುತ್ತಾರೆ. ಸೋರುವ ಕಾಲು ಇಟ್ಟುಕೊಂಡು ಮೆಡಿಕಲ್ ಶಾಪಿನಲ್ಲಿ ಆ್ಯಂಟಿಬಯೋಟಿಕ್ ತಗೊಂಡು ನುಂಗುತ್ತಾರೆ. ಆಮೇಲೆ ಮೂಳೆಯ ಚೂರು ತೆಗೆದು ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸಿದರೆ ಏನೂ ಬೆಳೆಯದೆ ಹೋಗಬಹುದು, ರಿಪೋರ್ಟ್ ಖಾಲಿ. ಜ್ವರ ಜೋರಾಗಿದ್ದರೆ ಕಾಯಬೇಡಿ, ಆಸ್ಪತ್ರೆಗೆ ಓಡಿ. ಇಲ್ಲದಿದ್ದರೆ ಔಷಧಿ ಯಾವಾಗ ಶುರು ಮಾಡಬೇಕು ಅನ್ನುವುದನ್ನು ಮೂಳೆ ಡಾಕ್ಟರೇ ಹೇಳಲಿ. ಚರ್ಮದ ಮೇಲಿನ ಕೀವನ್ನು ಹತ್ತಿಯಲ್ಲಿ ಒರೆಸಿ ಕೊಟ್ಟರೆ ಸಾಲದು, ಅದರಲ್ಲಿ ಸಿಗುವ ಕ್ರಿಮಿ ಮೂಳೆಯೊಳಗಿನದೇ ಆಗಿರಬೇಕಿಲ್ಲ.

ಇನ್ನು ಸಕ್ಕರೆ ಕಾಯಿಲೆ. ಪಾದದ ಸೋಂಕು ಅಂದ ಕೂಡಲೇ ‘ಡಯಾಬಿಟಿಕ್ ಫೂಟ್’ ಅಂತ ಬರೆದುಬಿಟ್ಟರೆ ಬೋರ್ಡ್ ಎಲ್ಲವನ್ನೂ ಸಕ್ಕರೆಯ ತಲೆಗೆ ಕಟ್ಟುತ್ತದೆ. ಹಳೇ ಮುರಿತ, ರಾಡ್, ಆಪರೇಷನ್ ಆದ ವರ್ಷ, ಯಾವ ಕಾಲು, ಎಲ್ಲವನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಹಳೇ ಎಕ್ಸ್‌ರೇ ಮೇಜಿನ ಮೇಲಿಡಿ. ‘ಕಾಲು ನೋವು ಸರ್’ ಅಂತ ಸುಮ್ನೆ ಕೂತರೆ ಚೀಟಿಯಲ್ಲೂ ಅಷ್ಟೇ ಬರುತ್ತದೆ. ಈಗಿನ ಸೋಂಕು ಅದೇ ಮೂಳೆಯ ಅದೇ ಜಾಗದಲ್ಲಿದೆ, ಹಳೇ ಗಾಯದಿಂದ ಬಂದಿರುವ ಸಾಧ್ಯತೆಯೇ ಜಾಸ್ತಿ ಅಂತ ಡಾಕ್ಟರಿಗೆ ಅನಿಸಿದರೆ, ಕಾರಣ ಸಮೇತ ಬರೆದುಕೊಡಲು ಕೇಳಿ. ಸತ್ತ ಮೂಳೆಯ ತುಂಡಿನಲ್ಲೋ ರಾಡಿನ ಮೇಲೋ ಕ್ರಿಮಿ ವರ್ಷಗಟ್ಟಲೆ ಅಡಗಿದ್ದು ಮತ್ತೆ ಏಳುವುದು ಈ ಕಾಯಿಲೆಯ ಗುಣವೇ. ನಿವೃತ್ತಿಯ ನಂತರ ತಡವಾಗಿ ಕಾಣಿಸಿಕೊಂಡ ಕಾಯಿಲೆಗೂ ನಿಯಮದಲ್ಲಿ ಜಾಗವಿದೆ, ಆದರೆ ಅದಕ್ಕೆ ಗಡುವೂ ಇದೆ. ಹಾಗಾಗಿ ‘ಕಾಫಿ ಕೊಯ್ಲು ಮುಗೀಲಿ’ ಅಂತ ಮುಂದೂಡಬೇಡಿ.

ಇಷ್ಟು ದುಡ್ಡು ಕೊಟ್ಟರೆ ‘ಗ್ಯಾರಂಟಿ ಸರ್ಟಿಫಿಕೇಟ್’ ಕೊಡಿಸುತ್ತೇನೆ ಅನ್ನುವ ಏಜೆಂಟರನ್ನು ಮನೆ ಮೆಟ್ಟಿಲು ಹತ್ತಿಸಬೇಡಿ. ಎಲ್ಲರಿಗೂ ಒಂದೇ ಒಕ್ಕಣೆಯ ಪತ್ರ, ಹೆಸರು ಮಾತ್ರ ಬೇರೆ. ಓದುವವರಿಗೆ ಗೊತ್ತಾಗುವುದಿಲ್ವಾ?

ಅರ್ಜಿ ಮತ್ತು ಬೋರ್ಡ್

ಮಡಿಕೇರಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಅರ್ಜಿ ಬರೆಯಲು ಸಹಾಯ ಸಿಗುತ್ತದೆ. ಅರ್ಜಿ ರೆಕಾರ್ಡ್ ಆಫೀಸಿಗೆ ಹೋಗುತ್ತದೆ, ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ.

ಬೋರ್ಡ್ ನೋಡುವುದು ಎರಡು ವಿಷಯ: ಕಾಯಿಲೆ ಸೇವೆಯಿಂದ ಬಂದದ್ದೋ ಅಥವಾ ಸೇವೆಯಿಂದ ಹೆಚ್ಚಾದದ್ದೋ, ಮತ್ತು ಎಷ್ಟು ಪರ್ಸೆಂಟ್. ಶೇ 20ಕ್ಕಿಂತ ಕಡಿಮೆ ಬಂದರೆ ಸಾಮಾನ್ಯವಾಗಿ ಡಿಸೆಬಿಲಿಟಿ ಪೆನ್ಷನ್ ಸಿಗುವುದಿಲ್ಲ. ಶೇ 20 ಅಥವಾ ಹೆಚ್ಚು, ಆದರೆ ಶೇ 50ಕ್ಕಿಂತ ಕಡಿಮೆ ಬಂದರೆ ಅದನ್ನು ಶೇ 50 ಅಂತ ಲೆಕ್ಕ ಹಿಡಿಯುವ ಸೌಲಭ್ಯ ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲುತ್ತದೆ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿದೆ. ಬೋರ್ಡ್ ಮುಂದೆ ಶಿಸ್ತಿನ ಸಿಪಾಯಿಯಂತೆ ‘ಫಿಟ್ ಇದ್ದೀನಿ ಸಾಬ್’ ಅನ್ನುವ ಹಳೇ ಚಾಳಿ ಬಿಡಿ. ವಾರಕ್ಕೆ ಎಷ್ಟು ಸಲ ಡ್ರೆಸ್ಸಿಂಗ್, ತೋಟದ ಇಳಿಜಾರು ಹತ್ತಲು ಆಗುತ್ತದಾ, ಇದ್ದದ್ದು ಇದ್ದ ಹಾಗೆ ಹೇಳಿ.

ತಿರಸ್ಕಾರ ಪತ್ರ ಬಂದರೆ ಮೊದಲ ಮೇಲ್ಮನವಿಗೆ ಆರು ತಿಂಗಳು ಸಮಯ. ಅಲ್ಲೂ ಆಗದಿದ್ದರೆ ಎರಡನೇ ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕಾಯಿಲೆ ಕಾರಣಕ್ಕೆ ಸೇವೆಯಿಂದ ಹೊರಬಂದವರು 2013ರ ಧರಮ್‌ವೀರ್ ಸಿಂಗ್ ತೀರ್ಪನ್ನು ಮೇಲ್ಮನವಿಯಲ್ಲಿ ಸೇರಿಸಲಿ. ಸೇರುವಾಗಿನ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲ ಅಂದರೆ ಆಗ ಆರೋಗ್ಯವಾಗಿದ್ದರು ಅಂತಲೇ ತಿಳಿಯಬೇಕು ಅಂತ ಅದರಲ್ಲಿದೆ. ತಿರಸ್ಕಾರ ಪತ್ರ ಬಂದ ಲಕೋಟೆಯನ್ನು ಬಿಸಾಡಬೇಡಿ, ಪತ್ರ ಯಾವತ್ತು ಕೈಸೇರಿತು ಅನ್ನುವುದಕ್ಕೆ ಅದರ ಮೇಲಿನ ಅಂಚೆ ಮುದ್ರೆಯೇ ಸಾಕ್ಷಿ.