ಕಾರ್ಖಾನೆಯಲ್ಲಿ ಕಾರ್ ಚಾರ್ಜಿಂಗ್ ಬೇಕಾ? ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ

ನಮ್ಮದು ಕೆಂಗೇರಿಯಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ಕಾರು ನಿಲ್ಲುವುದು ರಸ್ತೆಯಲ್ಲಿ. ಮೇಲಿಂದ ವೈರ್ ಇಳಿಬಿಡಲು ಓನರ್ ಒಪ್ಪಲಿಲ್ಲ. ಕೆಲಸ ಪೀಣ್ಯದ ಒಂದು ಮೆಷಿನಿಂಗ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ. ಟಿಯಾಗೊ ಇವಿ ಅನ್ನುವ ಎಲೆಕ್ಟ್ರಿಕ್ ಕಾರು ತೆಗೆದುಕೊಂಡ ಹೊಸದರಲ್ಲಿ ವಾರಕ್ಕೆ ಎರಡು ಸಂಜೆ ಫಾಸ್ಟ್ ಚಾರ್ಜರ್ ಮುಂದೆ ಕ್ಯೂ ನಿಲ್ಲುತ್ತಿದ್ದೆ. ಏಳಕ್ಕೆ ಮನೆ ಸೇರಬೇಕಾದವಳು ಒಂಬತ್ತಕ್ಕೆ ಸೇರುತ್ತಿದ್ದೆ, ಅಷ್ಟು ಹೊತ್ತಿಗೆ ಮಗಳು ನಿದ್ದೆ ಮಾಡಿರುತ್ತಿದ್ದಳು. ಅದೇ ಕಾರು ಕಾರ್ಖಾನೆಯ ಶೆಡ್ಡಿನಲ್ಲಿ ದಿನಾ ಒಂಬತ್ತು ಗಂಟೆ ಸುಮ್ನೆ ನಿಂತಿರುತ್ತಿತ್ತು.

ನಾನು ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. 'ಇವಿ ಚಾರ್ಜಿಂಗ್ ಸ್ಟೇಷನ್ ಹಾಕಿಸಿ' ಅಂತ ಅಡ್ಮಿನ್‌ಗೆ ಮೇಲ್ ಕಳಿಸಿದೆ. ಸ್ಟೇಷನ್ ಅಂದ ತಕ್ಷಣ ಅವರ ಕಣ್ಣಿಗೆ ಬಂದಿದ್ದು ಪೆಟ್ರೋಲ್ ಬಂಕಿನಂಥ ದೊಡ್ಡ ಮೆಷಿನ್, ಲಕ್ಷಗಟ್ಟಲೆ ಖರ್ಚು. 'ಬಜೆಟ್ ಇಲ್ಲ' ಅಂತ ಒಂದು ಸಾಲಿನ ಉತ್ತರ ಬಂತು. ನನಗೆ ನಿಜವಾಗಿ ಬೇಕಿದ್ದದ್ದು ಒಂದು 16 ಆಂಪ್ ಸಾಕೆಟ್. ಗೀಸರ್‌ಗೆ ಹಾಕುತ್ತೇವಲ್ಲ, ಅದೇ.

ಲೆಕ್ಕ ನೋಡಿ. ನನಗೆ ಹೋಗಿ ಬರಲು ಸುಮಾರು 45 ಕಿಲೋಮೀಟರ್. ನನ್ನ ಕಾರು ಯೂನಿಟ್‌ಗೆ ಏಳು ಕಿಲೋಮೀಟರ್ ಕೊಡುತ್ತದೆ. ಅಂದರೆ ದಿನಕ್ಕೆ ಆರೂವರೆ ಯೂನಿಟ್. 16 ಆಂಪ್ ಸಾಕೆಟ್‌ನಿಂದ ಗಂಟೆಗೆ 3 ಯೂನಿಟ್ ಚಿಲ್ಲರೆ ಸಿಗುತ್ತದೆ. ಎರಡು ಗಂಟೆ ಸಾಕು. ಈ ಲೆಕ್ಕವನ್ನು ನಿಮ್ಮ ಕಾರಿಗೆ, ನಿಮ್ಮ ದೂರಕ್ಕೆ ಮಾಡಿ ಒಂದು ಹಾಳೆಯಲ್ಲಿ ಬರೆದಿಡಿ. ಆಮೇಲೆ ಎಲ್ಲರೂ ಕೇಳುವುದು ಇದನ್ನೇ.

ಎರಡನೇ ಸಲ ನಾನು ಅಡ್ಮಿನ್ ಹತ್ತಿರ ಹೋಗಲಿಲ್ಲ, ಎಂ.ಡಿ. ಹತ್ತಿರವೂ ಹೋಗಲಿಲ್ಲ. ಮೇಂಟೆನೆನ್ಸಿನ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. 'ಅಣ್ಣಾ, ಶೆಡ್ಡಿನಲ್ಲಿ ಒಂದು ಪಾಯಿಂಟ್ ಕೊಟ್ಟರೆ ಲೋಡ್ ತಡೆಯುತ್ತಾ?' ಅಂತ ಕೇಳಿದೆ. ಅವರು ಕರೆಂಟ್ ಬಿಲ್ ತೆಗೆದು ತೋರಿಸಿದರು. ನಮ್ಮದು ಎಚ್‌ಟಿ, ಅಂದರೆ ಹೈ ಟೆನ್ಷನ್ ಕನೆಕ್ಷನ್. ಕಾಂಟ್ರಾಕ್ಟ್ ಡಿಮ್ಯಾಂಡ್ (ಒಟ್ಟಿಗೆ ಎಳೆಯಬಹುದು ಅಂತ ಒಪ್ಪಂದವಾದ ಗರಿಷ್ಠ ಲೋಡ್) 200 ಕೆವಿಎ, ಆ ತಿಂಗಳು ಮೀಟರ್‌ನಲ್ಲಿ ಬಂದಿದ್ದು 150ರ ಆಸುಪಾಸು. ಕಾಂಟ್ರಾಕ್ಟ್ ದಾಟಿದರೆ ದಂಡ. ಆದರೆ ಕಡಿಮೆ ಬಳಸಿದರೂ ಅದರ ದೊಡ್ಡ ಪಾಲಿಗೆ ಡಿಮ್ಯಾಂಡ್ ಚಾರ್ಜ್ ಕಟ್ಟಲೇಬೇಕು. ಅಂದರೆ ಬಳಸದ ಜಾಗಕ್ಕೂ ನಾವು ದುಡ್ಡು ಕಟ್ಟುತ್ತಿದ್ದೆವು. ಮೂರು ಕಾರು ಒಟ್ಟಿಗೆ ಹಾಕಿದರೂ 10 ಕಿಲೋವ್ಯಾಟ್. ನಿಮ್ಮಲ್ಲೂ ಕಳೆದ ಹನ್ನೆರಡು ತಿಂಗಳ ಬಿಲ್ ನೋಡಿ, ಅತಿ ಹೆಚ್ಚು ಬಂದ ತಿಂಗಳು ಎಷ್ಟಿತ್ತು ಬರೆದುಕೊಳ್ಳಿ. ಜಾಗ ಕಡಿಮೆ ಇದ್ದರೆ ಊಟದ ಬಿಡುವಿನಲ್ಲಿ, ಮೆಷಿನ್ ನಿಂತಿರುವಾಗ ಹಾಕುತ್ತೇವೆ ಅಂತ ಹೇಳಬಹುದು.

ಆಮೇಲೆ ಅರ್ಥಿಂಗ್. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪರೀಕ್ಷೆಗೆ ಅಂತ ಶೆಡ್ಡಿನ ಹಳೇ ಸಾಕೆಟ್‌ಗೆ ಚಾರ್ಜರ್ ಹಾಕಿದರೆ ಕೆಂಪು ದೀಪ ಬಂತು, ಚಾರ್ಜ್ ಆಗಲಿಲ್ಲ. ಅರ್ಥ್ ಸರಿ ಇಲ್ಲದಿದ್ದರೆ ಕಾರಿನ ಚಾರ್ಜರ್ ಕರೆಂಟ್ ಬಿಡುವುದಿಲ್ಲ. ಎಲೆಕ್ಟ್ರಿಷಿಯನ್ ನ್ಯೂಟ್ರಲ್‌ಗೂ ಅರ್ಥ್‌ಗೂ ಮಲ್ಟಿಮೀಟರ್ ಇಟ್ಟರು. 11 ವೋಲ್ಟ್! ಕಂಪ್ರೆಸರ್ ರೂಮಿನ ಹಿಂದಿನ ಅರ್ಥ್ ಪಿಟ್ ಮುಚ್ಚಳ ತೆಗೆದರೆ ಒಳಗೆ ಬಿರುಕು ಬಿಟ್ಟ ಒಣ ಮಣ್ಣು, ತುಕ್ಕು ಹಿಡಿದು ಸಡಿಲವಾದ ನಟ್ಟು. ಪಟ್ಟಿ ಉಜ್ಜಿ, ಹೊಸ ನಟ್ಟು ಬೋಲ್ಟ್ ಹಾಕಿ, ಎರಡು ಬಕೆಟ್ ನೀರು ಸುರಿದರು. ಮತ್ತೆ ಅಳೆದಾಗ 2 ವೋಲ್ಟ್‌ಗಿಂತ ಕಡಿಮೆ ಬಂತು. ಚಾರ್ಜರ್‌ನಲ್ಲಿ ಹಸಿರು ದೀಪ. ಅದೇ ಪಿಟ್‌ಗೆ ಕಂಪ್ಯೂಟರ್‌ನಿಂದ ನಡೆಯುವ ಎರಡು ಸಿಎನ್‌ಸಿ ಮೆಷಿನ್ ಕೂಡ ಸೇರಿದ್ದವು. ಆವತ್ತಿನಿಂದ ಮೇಂಟೆನೆನ್ಸ್ ಮ್ಯಾನೇಜರ್ ನನ್ನ ಪರ. ನನ್ನ ಕಾರಿನಿಂದಾಗಿ ಅವರ ಮೆಷಿನ್‌ಗಳ ತೊಂದರೆ ಬೇಗ ಗೊತ್ತಾಯಿತು, ಅಲ್ವಾ?

ಅವರೇ ಕೂತು ಅಂದಾಜು ಪಟ್ಟಿ ಬರೆದುಕೊಟ್ಟರು. ಪ್ಯಾನೆಲ್‌ನಿಂದ ಬೇರೆಯೇ ಲೈನ್, 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 20 ಆಂಪಿನ ಆರ್‌ಸಿಬಿಒ (ಕರೆಂಟ್ ಸೋರಿದರೆ, ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್), ಒಳ್ಳೆ ಕಂಪನಿಯ ಸಾಕೆಟ್, ಒಂದು ಸಬ್ ಮೀಟರ್. ಒಂದು ಪಾಯಿಂಟ್‌ಗೆ ಸುಮಾರು 14 ಸಾವಿರ ರೂಪಾಯಿ. ಸಾಕೆಟ್‌ನಲ್ಲಿ ಜುಗ್ಗತನ ಬೇಡ. ಗಂಟೆಗಟ್ಟಲೆ ಲೋಡ್ ಎಳೆದರೆ ಅಗ್ಗದ ಸಾಕೆಟ್ ಕರಗುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಅಂತೂ ಕೂಡದೇ ಕೂಡದು. ಈ ಲೈನನ್ನು ಡೀಸೆಲ್ ಜನರೇಟರ್‌ಗೆ ಸೇರಿಸಬೇಡಿ ಅಂತ ನೀವೇ ಮೊದಲು ಹೇಳಿ. ಹೇಳದಿದ್ದರೆ ಅಕೌಂಟ್ಸ್‌ನವರು ಖಂಡಿತ ಕೇಳುತ್ತಾರೆ.

ಎಂ.ಡಿ. ಸಾರ್ ಹತ್ತಿರ ಹೋದಾಗ ಕೈಯಲ್ಲಿ ಒಂದೇ ಪುಟ ಇತ್ತು. ಅವರು ಮೂರು ಪ್ರಶ್ನೆ ಕೇಳಿದರು.

'ಬೆಸ್ಕಾಂ ಪರ್ಮಿಷನ್ ಬೇಡವಾ?' ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿಯಲ್ಲೇ ಇತ್ತು: ಮನೆ, ಆಫೀಸಿನಲ್ಲಿ ಈಗಿರುವ ಕನೆಕ್ಷನ್‌ನಿಂದಲೇ ಗಾಡಿ ಚಾರ್ಜ್ ಮಾಡಬಹುದು. ಮಂಜೂರಾದ ಲೋಡ್ ಒಳಗಿದ್ದರೆ ಸರಿ.

'ನಿಮ್ಮಿಂದ ದುಡ್ಡು ತಗೊಂಡರೆ ಕರೆಂಟ್ ಮಾರಿದ ಹಾಗಾಗುತ್ತಲ್ಲ?' ಇಲ್ಲ. ಬ್ಯಾಟರಿ ಚಾರ್ಜ್ ಮಾಡುವುದು ಸೇವೆ, ವಿದ್ಯುತ್ ಮಾರಾಟ ಅಲ್ಲ, ಅದಕ್ಕೆ ಲೈಸೆನ್ಸ್ ಬೇಡ ಅಂತ ಅದೇ ಸಚಿವಾಲಯ 2018ರಲ್ಲೇ ಹೇಳಿದೆ. ಎರಡೂ ಪ್ರತಿ ಜೊತೆಗೆ ಲಗತ್ತಿಸಿದ್ದೆ.

ಮೂರನೆಯದು ಬೆಂಕಿಯ ಭಯ. ಅದಕ್ಕೆ ನಾನು ವಾದ ಮಾಡಲಿಲ್ಲ, ಭಯ ನ್ಯಾಯವಾದದ್ದೇ. ಆಯಿಲ್ ಡ್ರಮ್ಮುಗಳಿಂದ ದೂರ, ಗಾಳಿಯಾಡುವ ಶೆಡ್ಡಿನ ಕೊನೆಯ ಕಂಬದ ಹತ್ತಿರ ಪಾಯಿಂಟ್ ಹಾಕೋಣ, ಸೆಕ್ಯುರಿಟಿಗೆ ಕಾಣುವ ಹಾಗೆ ಮೇನ್ ಸ್ವಿಚ್ ಇಡೋಣ ಅಂದೆ.

ನಿಜವಾಗಿ ಅವರ ಮನಸ್ಸು ಬದಲಾಗಿದ್ದು ಬೇರೆ ಮಾತಿಗೆ. 'ಕಾರಿನವರು ಇಬ್ಬರೇ, ಅವರಿಗೆ ಮಾತ್ರ ಯಾಕೆ?' ಅಂತ ಕೇಳಿದರು. ನಾನು ಮುಂಚಿನ ವಾರವೇ ಎರಡೂ ಶಿಫ್ಟಿನಲ್ಲಿ ಪಾರ್ಕಿಂಗ್ ಎಣಿಸಿದ್ದೆ. ಎಲೆಕ್ಟ್ರಿಕ್ ಸ್ಕೂಟರ್ ಹನ್ನೊಂದು, ಎಲ್ಲವೂ ಆಪರೇಟರ್‌ಗಳದ್ದು. ಸ್ಕೂಟರ್ ಬ್ಯಾಟರಿ ಪೂರ್ತಿ ತುಂಬಿಸಲು ಮೂರು ನಾಲ್ಕು ಯೂನಿಟ್ ಸಾಕು. ಎರಡು ಕಾರಿನ ಪಾಯಿಂಟ್ ಜೊತೆ ಸ್ಕೂಟರಿಗೆ ನಾಲ್ಕು ಅಂತ ಬರೆದಿದ್ದೆ. ಸಾರ್ ಆ ಸಾಲಿನ ಕೆಳಗೆ ಗೆರೆ ಎಳೆದು ಸಹಿ ಹಾಕಿದರು. ನೀವೂ ಎಣಿಸಿ. ಒಬ್ಬರ ಅನುಕೂಲಕ್ಕೆ ಕೇಳಿದ್ದು ಬೇರೆ, ಹದಿಮೂರು ಜನರಿಗೆ ಕೇಳಿದ್ದು ಬೇರೆ.

ಷೇರು ಪೇಟೆಯಲ್ಲಿರುವ ದೊಡ್ಡ ಕಂಪನಿಯಾದರೆ ಇನ್ನೊಂದು ದಾರಿ ಇದೆ. ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1000 ಕಂಪನಿಗಳಿಗೆ 2022-23ರಿಂದ ಬಿಆರ್‌ಎಸ್‌ಆರ್ (ಪರಿಸರ, ಸಾಮಾಜಿಕ ಹೊಣೆಗಾರಿಕೆಯ) ವರದಿ ಕಡ್ಡಾಯ ಮಾಡಿದೆ. ಆ ವರದಿ ಬರೆಯುವ ತಂಡದವರನ್ನು ಹುಡುಕಿ ಮಾತಾಡಿ. ಟೆಕ್ ಪಾರ್ಕಿನಲ್ಲಿದ್ದರೆ ವೈರಿಂಗ್ ಕಟ್ಟಡದವರ ಕೈಯಲ್ಲಿರುತ್ತದೆ, ಹಾಗಾಗಿ ನಿಮ್ಮ ಕಂಪನಿಯಿಂದಲೇ ಅವರಿಗೆ ಪತ್ರ ಹೋಗಬೇಕು. ಹೊಸ ಕಟ್ಟಡಗಳಲ್ಲಿ 20% ಪಾರ್ಕಿಂಗ್‌ಗೆ ಚಾರ್ಜಿಂಗ್ ವ್ಯವಸ್ಥೆ ಇರಲಿ ಅಂತ ಕೇಂದ್ರದ ಮಾದರಿ ಕಟ್ಟಡ ಬೈಲಾ 2019ರಲ್ಲೇ ಹೇಳಿದೆ. ಪತ್ರದಲ್ಲಿ ಅದನ್ನು ಸೇರಿಸಿ.

ಕರೆಂಟ್ ಮಾತ್ರ ಪುಕ್ಕಟೆ ಕೇಳಬೇಡಿ. ನಾವು ಯೂನಿಟ್‌ಗೆ 10 ರೂಪಾಯಿ ಕೊಡುತ್ತೇವೆ, ಸಂಬಳದಲ್ಲೇ ಹಿಡಿಯುತ್ತಾರೆ. ನನಗೆ ತಿಂಗಳಿಗೆ ಸುಮಾರು 1,500 ರೂಪಾಯಿ ಖರ್ಚಾಗುತ್ತದೆ. ಸಾಕೆಟ್ ಪಕ್ಕ ದಾರ ಕಟ್ಟಿದ ಒಂದು ನೋಟ್‌ಬುಕ್ ಇದೆ. ಪ್ಲಗ್ ಹಾಕುವಾಗ ಮೀಟರ್ ರೀಡಿಂಗ್, ತೆಗೆಯುವಾಗ ರೀಡಿಂಗ್, ಸಹಿ. ಊಟದ ಬೆಲ್ ಹೊಡೆದ ಮೇಲೆ ನನ್ನ ಕಾರು ಪಕ್ಕಕ್ಕೆ ತೆಗೆದು, ಸ್ಟೋರ್ಸ್ ವಿಭಾಗದವರ ಗಾಡಿಗೆ ಜಾಗ ಬಿಡುತ್ತೇನೆ.