ಕರಿಯನ ಮೈಯಲ್ಲಿ ಕಪ್ಪೆಷ್ಟು?

ಕರಿ ನಾಯಿಯ ಚಿತ್ರ ಬರೆಯಲು ಕೂತವರು ಮೊದಲು ಮಾಡಬೇಕಾದ ಕೆಲಸ, ಬಣ್ಣದ ಡಬ್ಬಿಯಿಂದ ಕಪ್ಪು ಟ್ಯೂಬನ್ನು ತೆಗೆದು ಆಚೆ ಇಡುವುದು. ನಮ್ಮ ಕರಿಯ ಅಪ್ಪಟ ಬೀದಿ ತಳಿ. ಎದೆಯ ಮೇಲೆ ಹೆಬ್ಬೆರಳಗಲದ ಬಿಳಿ ಮಚ್ಚೆಯೊಂದು ಬಿಟ್ಟರೆ ಮೂಗಿನಿಂದ ಬಾಲದ ತುದಿವರೆಗೂ ಕಪ್ಪು. ಜಲವರ್ಣದಲ್ಲಿ ಅವನನ್ನು ನಲವತ್ತಕ್ಕೂ ಹೆಚ್ಚು ಸಲ ಬರೆದಿದ್ದೇನೆ. ಮೊದಲ ಹತ್ತು ಹನ್ನೆರಡು ಹಾಳೆಗಳಲ್ಲಿ ಇರುವುದು ನಾಯಿಯಲ್ಲ, ನಾಯಿಯ ಆಕಾರದಲ್ಲಿ ಕತ್ತರಿಸಿದ ತೂತು.

ಮೈಸೂರಿನ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲದ ಮೇಲೆ ಕರಿ ನಾಯಿ ಮಲಗಿದ್ದಾಗ ಒಮ್ಮೆ ಬಗ್ಗಿ ನೋಡಿ. ಬೆಳಿಗ್ಗೆ ಹತ್ತರ ಹೊತ್ತು, ಬಾಗಿಲು ತೆರೆದಿರಲಿ, ಒಳಗಿನ ಲೈಟು ಆರಿಸಿರಲಿ. ಬೆನ್ನಿನ ಮೇಲೆ ಆಕಾಶದ ನೀಲಿ ಬಿದ್ದಿರುತ್ತದೆ. ಹೊಟ್ಟೆಯ ಅಡಿಗೆ ನೆಲದ ಕೆಂಪು ತಿರುಗಿ ಹೊಡೆದು ಕಂದುಗೆಂಪಿನ ಒಂದು ಪಟ್ಟಿ. ಬಿಸಿಲಿಗೆ ಮೈಯೊಡ್ಡುವ ನಾಯಿಯಾದರೆ ತೊಡೆಯ ಕೂದಲ ತುದಿ ಮಾಸಿ ಕಾಫಿ ಬಣ್ಣಕ್ಕೆ ತಿರುಗಿರುತ್ತದೆ. ಕಿವಿಯ ಹಿಂದಿನಿಂದ ಬೆಳಕು ಬಂದರೆ ತೆಳುವಾದ ಅಂಚು ಕೆಂಪಗೆ ಕಾಣುತ್ತದೆ. ನಿಜವಾದ ಕಪ್ಪು ಸಿಗುವುದು ನಾಲ್ಕೇ ಕಡೆ: ಮೂಗಿನ ಹೊಳ್ಳೆಯೊಳಗೆ, ತುಟಿ ಕೂಡುವ ಗೆರೆಯಲ್ಲಿ, ಮುಂಗಾಲು ಎದೆಗೆ ಸೇರುವ ಸಂದಿಯಲ್ಲಿ, ಹೊಟ್ಟೆ ನೆಲಕ್ಕೆ ಒತ್ತಿದ ಕಡೆ. ಉಳಿದದ್ದೆಲ್ಲ ಬಣ್ಣ. ಈ ನಾಲ್ಕನ್ನು ಕೊನೆಯವರೆಗೆ ಮುಟ್ಟದೆ ಇರುವುದೇ ನನ್ನ ವಿಧಾನದ ಮುಕ್ಕಾಲು ಪಾಲು.

ಮೊದಲು ರೇಖೆ. ಊಟವಾಗಿ ಅರ್ಧ ಗಂಟೆಯ ಮೇಲೆ ನಾಯಿ ಮಲಗುತ್ತದೆ, ಆದರೆ ಎರಡು ಮೂರು ನಿಮಿಷಕ್ಕೊಮ್ಮೆ ಮಗ್ಗುಲು ಬದಲಿಸುತ್ತದೆ. ಅದರ ಹಿಂದೆ ಓಡಬೇಡಿ. ಒಂದೇ ಹಾಳೆಯಲ್ಲಿ ಐದಾರು ಸ್ಕೆಚ್ ಶುರುಮಾಡಿ. ನಾಯಿಗೆ ಮಲಗುವ ಭಂಗಿಗಳು ಹೆಚ್ಚಿಲ್ಲ, ಸುತ್ತಿ ಬಂದು ಹಳೆಯದಕ್ಕೇ ಮರಳುತ್ತದೆ. ಆಗ ಅರ್ಧಕ್ಕೆ ನಿಂತ ಸ್ಕೆಚ್ಚಿಗೆ ನೀವೂ ಮರಳಿ. ಇದಕ್ಕೆ ನಾನು ಬಳಸುವುದು ಇದ್ದಿಲು. ಮೈಸೂರು ಸಾಂಪ್ರದಾಯಿಕ ಶೈಲಿಯವರು ಹಿಂದೆ ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಮಾಡಿಕೊಳ್ಳುತ್ತಿದ್ದ ಬಗೆಯದು. ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಹಾಗಾಗಿ ಕೈ ಹೆದರುವುದಿಲ್ಲ.

ರೇಖೆ ತಪ್ಪುವುದು ಎರಡು ಕಡೆ. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿದ ಮೂಲೆಯನ್ನು ಮಂಡಿ ಎಂದುಕೊಂಡು ಬರೆಯುತ್ತಾರೆ. ಅದು ಹಿಮ್ಮಡಿ. ನಾಯಿ ನಡೆಯುವುದೇ ಬೆರಳ ಮೇಲೆ. ಮಂಡಿ ಮೇಲೆ, ಹೊಟ್ಟೆಯ ಮಡಿಕೆಯ ಹತ್ತಿರ ಇದೆ. ಇನ್ನೊಂದು ಹೆಗಲು. ನಮಗಿರುವಂತೆ ಹೆಗಲನ್ನು ಎದೆಗೆ ಕಟ್ಟಿಹಾಕುವ ಕೊರಳೆಲುಬು (ಕಾಲರ್ ಬೋನ್) ನಾಯಿಗೆ ಹೆಸರಿಗಷ್ಟೇ ಇರುವುದು. ಹೆಗಲ ಹಲಗೆ ಸ್ನಾಯುಗಳ ಮೇಲೆ ಜಾರುತ್ತಿರುತ್ತದೆ. ತಲೆ ತಗ್ಗಿಸಿ ಅನ್ನ ತಿನ್ನುವಾಗ ಬೆನ್ನಿಗಿಂತ ಮೇಲೆ ಎರಡು ದಿಣ್ಣೆ ಏಳುವುದು ಇದರಿಂದಲೇ. ಆ ದಿಣ್ಣೆ ಬಿಟ್ಟರೆ ನಾಯಿ ದಿಂಬಿನಂತೆ ಕಾಣುತ್ತದೆ.

ಹೊರರೇಖೆಯೊಂದೇ ಎಷ್ಟು ಹೇಳಬಲ್ಲದು ಎಂದು ನೋಡಲು ನಮ್ಮ ಮಂಡ್ಯ ಸೀಮೆಯದೇ ಒಂದು ಕಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕ್ರಿ.ಶ. 949-50ರದ್ದು. ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರ, ಏನು ಬೇಕೋ ಕೇಳು ಎಂದು ಅರಸ ಅಂದಾಗ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಅದು ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಜೊತೆಗೇ ಸತ್ತವು. ಅದರ ನೆನಪಿಗೆ ಕಲ್ಲು ನಿಂತಿತು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಮೇಲೆರಗಿದ ನಾಯಿಯ ಕೆತ್ತನೆಗೆ ಬಣ್ಣವಿಲ್ಲ, ಆದರೂ ಅದು ನಾಯಿಯೆಂಬುದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಹೆಸರು ಕೇಳಿದರೆ ಅದೂ ಕರಿ ನಾಯಿಯೇ ಇದ್ದೀತು ಎಂಬುದು ನನ್ನ ಊಹೆ ಮಾತ್ರ. ಹಾಳೆಗೆ ಬಣ್ಣ ಮುಟ್ಟಿಸುವ ಮೊದಲು ನನ್ನ ಸ್ಕೆಚ್ಚಿನ ರೇಖೆಯೊಳಗೆಲ್ಲ ಇದ್ದಿಲು ತುಂಬಿ ದೂರದಿಂದ ನೋಡುತ್ತೇನೆ. ಬರೀ ನೆರಳಿನಾಕಾರದಲ್ಲಿ ಕರಿಯ ಕರಿಯನಂತೆ ಕಾಣದಿದ್ದರೆ ಬಣ್ಣ ಬಂದು ಅವನನ್ನು ಉಳಿಸುವುದಿಲ್ಲ.

ಫೋಟೊ ನೋಡಿ ಬರೆಯುವುದರಲ್ಲಿ ತಪ್ಪೇನಿಲ್ಲ, ತೆಗೆಯುವ ಕ್ರಮ ಗೊತ್ತಿರಬೇಕು. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ಬದನೆಕಾಯಿಯಷ್ಟಾಗಿ ಕಿವಿ ಹಿಂದೆ ಸೇರಿಕೊಳ್ಳುತ್ತದೆ. ಆರೇಳು ಅಡಿ ಹಿಂದೆ ಸರಿದು, ನಾಯಿಯ ಕಣ್ಣಿನ ಮಟ್ಟಕ್ಕೆ ಕೂತು, ಎರಡು ಪಟ್ಟು ಜೂಮ್ ಮಾಡಿ. ಚೌಕಟ್ಟಿನ ತುಂಬ ಕಪ್ಪೇ ಇದ್ದರೆ ಕ್ಯಾಮೆರಾ ಕತ್ತಲೆಯಿದೆ ಎಂದು ಭ್ರಮಿಸಿ ಬೆಳಕು ಏರಿಸುತ್ತದೆ. ನೀಲಿ ಹೊಳಪು ಸುಣ್ಣ ಬಳಿದಂತಾಗುತ್ತದೆ. ಪರದೆಯಲ್ಲಿ ಹೊಳಪಿರುವ ಜಾಗವನ್ನು ಮುಟ್ಟಿ, ಬೆಳಕನ್ನು ಸ್ವಲ್ಪ ಕೆಳಗೆಳೆಯಿರಿ. ಫ್ಲ್ಯಾಶ್ ಬೇಡ. ನಾಯಿಯ ಕಣ್ಣಿನ ಹಿಂಪರದೆ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಕಣ್ಣು ಹಸಿರಾಗಿ ಉರಿಯುತ್ತದೆ, ಕಣ್ಣಿನ ನಿಜ ಬಣ್ಣ ಸಿಗುವುದಿಲ್ಲ.

ಕಾಗದ 300 ಜಿಎಸ್‌ಎಂ, ಪೂರ್ತಿ ಹತ್ತಿಯದು, ಕೋಲ್ಡ್ ಪ್ರೆಸ್ಡ್ (ಮೈ ತುಸು ತರಿಯಾಗಿರುವ ಬಗೆ). ಪೂರ್ಣ ಹಾಳೆಯ ಕಾಲು ಭಾಗ, ಅಂದರೆ 15 ಇಂಚು ಉದ್ದ, 11 ಇಂಚು ಅಗಲ ಸಾಕು. ಕಪ್ಪು ನಾಯಿಗೆ ಪದರದ ಮೇಲೆ ಪದರ ಬೀಳುತ್ತದೆ; ಅಗ್ಗದ ಕಾಗದ ಮೂರನೇ ಪದರಕ್ಕೆ ನವಿರೇಳುತ್ತದೆ. ಮಳೆಗಾಲದಲ್ಲಿ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದಿದ್ದರೆ ತೇವ ಕುಡಿದು ಅದರ ಮೈಗೆ ಹಚ್ಚಿದ ಅಂಟು ಸಾಯುತ್ತದೆ. ಬಣ್ಣ ಹಚ್ಚಿದಾಗ ಅಲ್ಲಲ್ಲಿ ಒತ್ತುಕಾಗದದಂತೆ ಹೀರಿ ಚುಕ್ಕೆಯಾಗುತ್ತದೆ. ಆ ಹಾಳೆಗೆ ಮದ್ದಿಲ್ಲ.

ಟ್ಯೂಬುಗಳು ಐದು: ಅಲ್ಟ್ರಾಮರೀನ್ (ನೀಲಿ), ಬರ್ಂಟ್ ಅಂಬರ್ (ಗಾಢ ಕಂದು), ಬರ್ಂಟ್ ಸಿಯೆನ್ನಾ (ಕಂದುಗೆಂಪು), ಲೈಟ್ ರೆಡ್, ಕ್ವಿನಾಕ್ರಿಡೋನ್ ರೋಸ್. ಲೈಟ್ ರೆಡ್ ಇರುವುದು ನೆಲಕ್ಕೆ. ಮನೆಯ ನೆಲಕ್ಕೆ ಸಿಮೆಂಟಿನೊಡನೆ ಕಲಸುವ ಕೆಂಪು ಪುಡಿಯೂ ಈ ಟ್ಯೂಬಿನೊಳಗಿನದೂ ಕಬ್ಬಿಣದ ಆಕ್ಸೈಡೇ, ಹಾಗಾಗಿ ಬಣ್ಣ ಹೊಂದಿಸುವ ಕಷ್ಟವೇ ಇಲ್ಲ. ರೋಸ್ ಬದಲು ಹಳೆಯ ಅಲಿಜರಿನ್ ಕ್ರಿಮ್ಸನ್ ಹಾಕಿದರೆ ಬೆಳಕಿಗೆ ಕೆಲವು ವರ್ಷಗಳಲ್ಲಿ ಮಾಸುತ್ತದೆ.

ತಣ್ಣನೆಯ ಕಪ್ಪಿಗೆ ಅಲ್ಟ್ರಾಮರೀನ್ ಎರಡು ಪಾಲು, ಅಂಬರ್ ಒಂದು ಪಾಲು. ಬೆಚ್ಚನೆಯದಕ್ಕೆ ಇದನ್ನೇ ತಿರುಗುಮುರುಗು ಮಾಡಿ. ಅಂಬರ್ ಬದಲು ಸಿಯೆನ್ನಾ ಕಲಸಿದರೆ ಬೂದು ಬರುತ್ತದೆ. ಅಲ್ಟ್ರಾಮರೀನ್‌ನ ಕಣಗಳು ಕಾಗದದ ಗುಳಿಗಳಲ್ಲಿ ಕೂತು ತಾವೇ ಕೂದಲಿನ ತರಿ ಕೊಡುತ್ತವೆ. ಟ್ಯೂಬಿನ ಕಪ್ಪು ಸಾಮಾನ್ಯವಾಗಿ ಹೀಗೆ ಒಡೆಯುವುದಿಲ್ಲ, ಸ್ಲೇಟಿನಂತೆ ಚಪ್ಪಟೆ ಕೂರುತ್ತದೆ. ಅದನ್ನು ಆಚೆ ಇಡಿ ಎಂದದ್ದು ಇದಕ್ಕೇ.

ಹಾಳೆಯ ನಾಲ್ಕು ಅಂಚನ್ನೂ ಟೇಪಿನಿಂದ ಹಲಗೆಗೆ ಅಂಟಿಸಿ, 2ಬಿ ಪೆನ್ಸಿಲಿನಲ್ಲಿ ನಾಯಿಯ ಜೊತೆಗೆ ಬೆನ್ನಿನ ಹೊಳಪಿನ ಆಕಾರವನ್ನೂ ಗುರುತು ಹಾಕಿಕೊಳ್ಳುತ್ತೇನೆ. ಮೊದಲ ಪದರ ನೀರುಮಜ್ಜಿಗೆಯಷ್ಟು ತೆಳು: ಬೆನ್ನಿನ ಕಡೆಯಿಂದ ನೀಲಿ, ಹೊಟ್ಟೆಯ ಕಡೆಯಿಂದ ಲೈಟ್ ರೆಡ್, ನಡುವೆ ಎರಡೂ ಹಸಿಯಲ್ಲೇ ಕೂಡಲಿ. 12ನೇ ನಂಬರಿನ ದುಂಡು ಬ್ರಷ್ ಸಾಕು. ಈ ಹಂತದಲ್ಲಿ ನಾಯಿ ಹೋಳಿ ಆಡಿ ಬಂದಂತಿರುತ್ತದೆ. ಇಲ್ಲೇ ಹೆಚ್ಚಿನವರು ಗಾಬರಿಯಾಗಿ ಕಪ್ಪಿಗೆ ಕೈ ಹಾಕುವುದು. ಪೂರ್ತಿ ಒಣಗಲು ಬಿಡಿ. ಏಪ್ರಿಲಿನಲ್ಲಿ ಹತ್ತು ನಿಮಿಷ ಸಾಕು, ಆಷಾಢದ ಜಡಿಯಲ್ಲಿ ಮುಕ್ಕಾಲು ಗಂಟೆಯೂ ಆದೀತು. ಕೈಯ ಹಿಂಬದಿಯನ್ನು ಹಾಳೆಗೆ ತಾಗಿಸಿ: ತಣ್ಣಗಿದ್ದರೆ ಒಳಗಿನ್ನೂ ತೇವವಿದೆ. ಅರೆ ಒಣಗಿದ ಪದರದ ಮೇಲೆ ಬಣ್ಣ ಹೋದರೆ ಅಂಚಿನಲ್ಲಿ ಹೂಕೋಸಿನಂಥ ಕಲೆ ಏಳುತ್ತದೆ.

ಎರಡನೇ ಪದರ ಹಾಲಿನಷ್ಟು ಮಂದ, ಬೂದು ಮಿಶ್ರಣ. ಹೊಳಪಿನ ಜಾಗ ಬಿಟ್ಟು ಉಳಿದ ಮೈಗೆಲ್ಲ. ಬ್ರಷ್ ಓಡಬೇಕಾದ್ದು ಕೂದಲ ದಿಕ್ಕಿನಲ್ಲಿ: ಮೂಗಿನ ಮೇಲಿಂದ ಹಣೆಗೆ, ಅಲ್ಲಿಂದ ಕತ್ತಿಗೆ, ಬೆನ್ನುದ್ದಕ್ಕೂ ಹಿಂದಕ್ಕೆ. ಎದೆಯಲ್ಲಿ ಕೂದಲು ತಿರುಗಿ ಸುಳಿಯಾಗುತ್ತದೆ. ಹಳ್ಳಿಕಾರ್ ಹೋರಿ ಕೊಳ್ಳುವಾಗ ಸುಳಿ ನೋಡುವ ಮಂಡ್ಯದ ಕಣ್ಣಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂದೊಂದು ಕೂದಲನ್ನೂ ಬರೆಯುವ ಆಸೆ ಬೇಡ. ಬೆಳಕು ನೆರಳಾಗುವ ಅಂಚಿನಲ್ಲಿ ಬ್ರಷ್ಷನ್ನು ಒಣಗಿಸಿ, ಬೆರಳಿನಿಂದ ಒತ್ತಿ ಎಳೆ ಬಿಡಿಸಿ, ಹದಿನೈದಿಪ್ಪತ್ತು ಗೀರು ಎಳೆದರೆ ಮೈಯೆಲ್ಲ ಕೂದಲಿದೆ ಎಂದು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ.

ಮೂರನೆಯದು ಗಟ್ಟಿ ಮೊಸರಿನ ಹದ, ಮೊದಲು ಹೇಳಿದ ಆ ನಾಲ್ಕು ಕಪ್ಪಿನ ಜಾಗಗಳಿಗೆ. ಅದಕ್ಕೆ ಮೊದಲು ನೆಲ ಬಳಿಯಬೇಕು. ನೆಲ ಹಸಿಯಿದ್ದಾಗಲೇ ಹೊಟ್ಟೆಯಡಿ ಕಪ್ಪು ಇಳಿಸಿದರೆ ಎರಡೂ ಕೂಡಿ, ನಾಯಿಗೆ ಭಾರ ಬರುತ್ತದೆ. ನೆಲ ಒಣಗಿಸಿ ಆಮೇಲೆ ಗೆರೆ ಹಾಕಿದರೆ ನಾಯಿ ನೆಲದಿಂದ ಒಂದಂಗುಲ ಮೇಲೆ ತೇಲುತ್ತಿರುತ್ತದೆ. ಜಲವರ್ಣ ಒಣಗಿದ ಮೇಲೆ ತಿಳಿಯಾಗುವುದರಿಂದ, ಹಸಿಯಲ್ಲಿ ಅತಿಯಾಯಿತು ಅನ್ನಿಸುವಷ್ಟು ಗಾಢ ಹಾಕಬೇಕು. ಜಲವರ್ಣದಲ್ಲಿ ಗಾಢ ಬರುವುದಿಲ್ಲ ಎನ್ನುವವರು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಕಲಾವಿದ ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಹತ್ತು ನಿಮಿಷ ನಿಲ್ಲಲಿ. ಎಣ್ಣೆವರ್ಣ ಎಂದುಕೊಂಡು ಹೋಗುವವರೇ ಹೆಚ್ಚು, ಅದು ಜಲವರ್ಣ. ಮುಖ ನೋಡಿದ್ದು ಸಾಕು, ಬೆರಳ ಸಂದಿಯ ಕೆಂಪು ನೋಡಿ. ಕರಿಯನ ಕಿವಿಯಂಚಿನ ಕೆಂಪನ್ನು ನಾನು ಕಲಿತದ್ದು ಅಲ್ಲಿ.

ಕಣ್ಣು ಕಡೆಗೆ. ಸಿಯೆನ್ನಾದ ತೆಳು ಪದರ, ಅದರ ಮೇಲ್ಭಾಗಕ್ಕೆ ರೆಪ್ಪೆಯ ನೆರಳು, ನಡುವೆ ದುಂಡು ಪಾಪೆ, ಬೆಳಕಿನ ಚುಕ್ಕೆಗೆ ಕಾಗದದ ಬಿಳಿ. ಚುಕ್ಕೆ ಕಿಟಕಿಯ ಕಡೆಗೇ ಇರಲಿ, ಎರಡೂ ಕಣ್ಣಿನಲ್ಲಿ ಒಂದೇ ಕಡೆಗಿರಲಿ. ಕಣ್ಣಿನ ಸುತ್ತ ಬಿಳಿ ತೋರಿಸಿದರೆ ಹೆದರಿದ ನಾಯಿಯಾಗುತ್ತದೆ. ಮೀಸೆಯನ್ನು ಒಣಗಿದ ಹಾಳೆಯ ಮೇಲೆ ಹೊಸ ಬ್ಲೇಡಿನ ಮೂಲೆಯಿಂದ ಒಂದೇ ಎಳೆತಕ್ಕೆ ಗೀರುತ್ತೇನೆ. ಮಾಸ್ಕಿಂಗ್ ಫ್ಲೂಯಿಡ್ (ಬಿಳಿ ಉಳಿಸಬೇಕಾದ ಕಡೆ ಮೊದಲೇ ಹಚ್ಚಿ ಆಮೇಲೆ ಕೀಳುವ ದ್ರವ) ನನಗೆ ಒಗ್ಗಲಿಲ್ಲ, ಬೇಸಿಗೆಯಲ್ಲಿ ನಾಲ್ಕು ದಿನ ಬಿಟ್ಟರೆ ಕಾಗದದ ಸಿಪ್ಪೆಯನ್ನೇ ಕಿತ್ತುಕೊಂಡು ಬರುತ್ತದೆ.

ಬ್ರಷ್ ತೊಳೆದ ನೀರನ್ನು ನೆಲದ ಮೇಲಿಡಬೇಡಿ. ನಾಯಿಗೆ ಅದೂ ನೀರೇ. ಕ್ಯಾಡ್ಮಿಯಂ, ಕೋಬಾಲ್ಟ್ ಹೆಸರಿನ ಬಣ್ಣಗಳು ವಿಷ. ನನ್ನ ಐದರಲ್ಲಿ ಅವಿಲ್ಲದಿರುವುದಕ್ಕೆ ಕರಿಯನೂ ಒಂದು ಕಾರಣ. ಆ ನೀರನ್ನು ಬಾಲದ ಎಟುಕಿಗೆ ಸಿಗದಂತೆ ಮೇಜಿನ ಒಳಬದಿಗೆ, ತಳ ಅಗಲವಿರುವ ಡಬ್ಬಿಯಲ್ಲಿಡಿ. ಹಸಿ ಬಣ್ಣದ ಮೇಲೆ ಕೂದಲು ಬಿದ್ದರೆ ಆಗಲೇ ಉಗುರು ಹಾಕಿ ಕೀಳಬೇಡಿ, ಗೆರೆ ಉಳಿಯುತ್ತದೆ. ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಿಂದ ತಟ್ಟಿದರೆ ಉದುರುತ್ತದೆ. ಗಾಢ ಜಾಗದಲ್ಲಿ ಸಿಕ್ಕಿಕೊಂಡು ಉದುರದೆ ಉಳಿದರೆ ನಾನು ಹಾಗೇ ಬಿಟ್ಟುಬಿಡುತ್ತೇನೆ. ಅವನ ಕೂದಲು ಅವನ ಚಿತ್ರದಲ್ಲಿರಲಿ.