ಮನೆಯ ವಿಡಿಯೋಗಳು: ಯಾವುದನ್ನು ಹಾಗೇ ಇಟ್ಟೆ, ಯಾವುದನ್ನು ಬದಲಿಸಿದೆ

ನಮ್ಮ ಮನೆಯ ವಿಡಿಯೋಗಳು ಒಂದೇ ಬಗೆಯವಲ್ಲ. ವಿಎಚ್‌ಎಸ್ ಕ್ಯಾಸೆಟ್, ಮಿನಿಡಿವಿ ಟೇಪ್, ಡಿವಿಡಿ, ಹಳೆಯ ಡಿಜಿಟಲ್ ಕ್ಯಾಮೆರಾದ ಎವಿಐ, ಬಟನ್ ಫೋನಿನ 3ಜಿಪಿ, ಕ್ಯಾಮ್‌ಕಾರ್ಡರ್‌ನ ಎಂಟಿಎಸ್, ಈಗಿನ ಫೋನಿನ ಎಂಒವಿ, ಎಲ್ಲವೂ ಇವೆ. ಇವನ್ನು ಒಂದು ಕಡೆ ಸೇರಿಸುತ್ತೇನೆ ಅಂದಾಗ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಎಲ್ಲಾನೂ ಎಂಪಿ4 ಮಾಡಿಬಿಡಿ, ತಲೆನೋವೇ ಇಲ್ಲ." ನಾನು ಹಾಗೆ ಮಾಡಲಿಲ್ಲ.

ಎಂಪಿ4 ಅನ್ನುವುದು ಬರೀ ಡಬ್ಬಿ. ಒಳಗಿನ ಚಿತ್ರ ಯಾವ ಕೊಡೆಕ್‌ನಲ್ಲಿದೆ (ಅಂದರೆ ಯಾವ ವಿಧಾನದಲ್ಲಿ ಅದುಮಿ ಬರೆದಿದೆ), ಧ್ವನಿ ಯಾವುದರಲ್ಲಿದೆ ಅನ್ನುವುದು ಬೇರೆ ಲೆಕ್ಕ. ಎಚ್.264 ಇರಬಹುದು, ಎಚ್.265 ಇರಬಹುದು, ಎವಿ1 ಕೂಡ ಇರಬಹುದು. ಹೊರಗಿನಿಂದ ನೋಡಿದರೆ ಮೂರೂ ಒಂದೇ. ಟಿವಿಗೆ ಪೆನ್‌ಡ್ರೈವ್ ಹಾಕಿದಾಗ ಒಂದು ಓಡುತ್ತದೆ, ಇನ್ನೊಂದು ಜಪ್ಪಯ್ಯ ಅಂದರೂ ಓಡುವುದಿಲ್ಲ. ಹಾಗಾಗಿ ಏನನ್ನೂ ಬದಲಿಸುವ ಮೊದಲು ಫೈಲುಗಳನ್ನು ಮೀಡಿಯಾಇನ್ಫೋದಲ್ಲಿ ತೆರೆದು ನೋಡಿದೆ. ಉಚಿತ ಸಾಫ್ಟ್‌ವೇರ್ ಅದು. ಡಬ್ಬಿ, ಕೊಡೆಕ್, ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ), ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ), ಇಂಟರ್ಲೇಸ್ (ಇದೇನು ಅಂತ ಮುಂದೆ ಹೇಳುತ್ತೇನೆ) ಹೌದೋ ಅಲ್ಲವೋ, ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ.

ನೋಡಿದ ಮೇಲೆ ಒಂದು ನಿಯಮ ಹಾಕಿಕೊಂಡೆ. ಕ್ಯಾಮೆರಾ ಏನು ಬರೆದಿದೆಯೋ ಅದನ್ನು ಮುಟ್ಟುವುದಿಲ್ಲ. ಅದೇ ಮೂಲ. ನೋಡುವುದಕ್ಕೆ ಬೇಕಾದರೆ ಅದರಿಂದ ಇನ್ನೊಂದು ಪ್ರತಿ ಮಾಡುತ್ತೇನೆ. ಕ್ಯಾಮೆರಾ ಫೈಲುಗಳು ಮೊದಲೇ ಅದುಮಿ ಸಣ್ಣದು ಮಾಡಿದವು. ಮತ್ತೆ ಎನ್‌ಕೋಡ್ ಮಾಡಿದರೆ, ಅಂದರೆ ಬಿಚ್ಚಿ ಇನ್ನೊಮ್ಮೆ ಅದುಮಿದರೆ, ಇನ್ನಷ್ಟು ವಿವರ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಉಳಿಯುವುದು ಒಂದಿಷ್ಟು ಡಿಸ್ಕ್ ಜಾಗ ಅಷ್ಟೇ. ಅಷ್ಟಕ್ಕೆ ಮೂಲವನ್ನು ಕಳೆದುಕೊಳ್ಳುವ ವ್ಯಾಪಾರ ನನಗೆ ಸರಿ ಕಾಣಲಿಲ್ಲ.

ಕೆಲಸ ಶುರು ಮಾಡಿದ್ದು ಟೇಪುಗಳಿಂದ. ಫೈಲುಗಳು ಸ್ವಲ್ಪ ಕಾಯಬಲ್ಲವು, ಟೇಪು ಕಾಯುವುದಿಲ್ಲ. ಟೇಪಿಗಿಂತ ದೊಡ್ಡ ಚಿಂತೆ ಅದನ್ನು ಓಡಿಸುವ ಯಂತ್ರದ್ದು. ವಿಎಚ್‌ಎಸ್ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಫುನಾಯ್ 2016ರಲ್ಲೇ ನಿಲ್ಲಿಸಿತು. ಇವತ್ತು ಸಿಗುವುದೆಲ್ಲ ಬಳಸಿದ ಯಂತ್ರಗಳೇ.

ಮಿನಿಡಿವಿ ಸುಲಭ, ಒಂದು ವಿಷಯ ಗೊತ್ತಿದ್ದರೆ. ಆ ಟೇಪಿನಲ್ಲಿ ಇರುವುದು ಡಿಜಿಟಲ್ ಡೇಟಾ. ಫೈರ್‌ವೈರ್ ಅನ್ನುವ ಹಳೆಯ ಬಗೆಯ ಡಿಜಿಟಲ್ ಕೇಬಲ್‌ನಲ್ಲಿ ತೆಗೆದರೆ ಅದು ರೆಕಾರ್ಡಿಂಗ್ ಅಲ್ಲ, ನಕಲು. ಟೇಪಿನಲ್ಲಿದ್ದ ಬಿಟ್‌ಗಳೇ ಕಂಪ್ಯೂಟರಿಗೆ ಬರುತ್ತವೆ. ಗಂಟೆಗೆ ಸುಮಾರು 13 ಜಿಬಿ. ಶೂಟ್ ಮಾಡಿದ ದಿನ, ಗಂಟೆ ಕೂಡ ಅದರೊಳಗೇ ಇರುತ್ತದೆ, ಕ್ಯಾಮ್‌ಕಾರ್ಡರ್‌ನ ಗಡಿಯಾರ ಸರಿ ಇಟ್ಟಿದ್ದರೆ. ಟಿವಿಗೆ ಹಾಕುವ ಅನಲಾಗ್ ಪಿನ್‌ನಿಂದ ತೆಗೆದರೆ ಈ ಮಾಹಿತಿ ಹೋಯಿತು. ಬಹಳಷ್ಟು ಮಾದರಿಗಳಲ್ಲಿ ಯುಎಸ್‌ಬಿ ಪೋರ್ಟ್ ಇದ್ದರೂ ಅದರಿಂದ ಪೂರ್ತಿ ಗುಣಮಟ್ಟ ಬರುವುದಿಲ್ಲ. ಹೊಸ ಕಂಪ್ಯೂಟರಿನಲ್ಲಿ ಫೈರ್‌ವೈರ್ ಇರುವುದಿಲ್ಲ, ಹಾಗಾಗಿ ಒಂದು ಹಳೆಯ ಯಂತ್ರವನ್ನು ಇದಕ್ಕಂತಲೇ ಇಟ್ಟುಕೊಂಡೆ. "ಡಿವಿಡಿ ಮಾಡಿ ಕೊಡುತ್ತೇವೆ" ಅನ್ನುವವರ ಹತ್ತಿರ ಹೋಗಲಿಲ್ಲ. ಡಿವಿಯ ಚಿತ್ರ ಸೆಕೆಂಡಿಗೆ 25 ಮೆಗಾಬಿಟ್. ಡಿವಿಡಿಯಲ್ಲಿ ವಿಡಿಯೋಗೆ ಹೆಚ್ಚೆಂದರೆ 9.8. ಅಲ್ಲಿ ಮತ್ತೊಂದು ಸಲ ಎನ್‌ಕೋಡ್ ಆಗಲೇಬೇಕು. ತೆಗೆದ ಡಿವಿ ಫೈಲನ್ನು ಹಾಗೇ ಇಟ್ಟಿದ್ದೇನೆ.

ವಿಎಚ್‌ಎಸ್ ಕಥೆ ಬೇರೆ. ಅದು ಅನಲಾಗ್, ಟೇಪಿನಲ್ಲಿ ಇರುವುದು ಬಿಟ್‌ಗಳಲ್ಲ, ಏರಿಳಿಯುವ ಸಂಕೇತ. ಇಲ್ಲಿ ಕ್ಯಾಮೆರಾ ಬರೆದ ಫೈಲ್ ಅಂತ ಒಂದು ಇಲ್ಲವೇ ಇಲ್ಲ. ಮೂಲ ಫೈಲ್ ಹೇಗಿರಬೇಕು ಅಂತ ನಾವೇ ತೀರ್ಮಾನಿಸಬೇಕು. ಫಾರ್ಮ್ಯಾಟ್ ಆಯ್ಕೆ ಅನ್ನುವ ಮಾತಿಗೆ ನಿಜವಾದ ಅರ್ಥ ಬರುವುದು ಇಲ್ಲಿ ಮಾತ್ರ ಅನ್ನಿಸುತ್ತದೆ. 720 ಗುಣಿಲೆ 576, ಸೆಕೆಂಡಿಗೆ 25 ಫ್ರೇಮ್, 8 ಬಿಟ್, 4:2:2 (ಬಣ್ಣದ ವಿವರ ಎಷ್ಟು ಉಳಿಯುತ್ತದೆ ಅನ್ನುವ ಲೆಕ್ಕ). ಇದನ್ನು ಅದುಮದೆ ಇಟ್ಟರೆ ಗಂಟೆಗೆ ಸುಮಾರು 75 ಜಿಬಿ ಬೇಕು. ಅಷ್ಟು ಜಾಗ ಯಾರಿಗಿದೆ? ನಾನು ಆರಿಸಿದ್ದು ಎಫ್‌ಎಫ್‌ವಿ1 ಕೊಡೆಕ್, ಎಂಕೆವಿ ಡಬ್ಬಿಯಲ್ಲಿ. ಎಫ್‌ಎಫ್‌ವಿ1 ಏನನ್ನೂ ಕಳೆಯದೆ ಸಣ್ಣದು ಮಾಡುತ್ತದೆ. ಬಿಚ್ಚಿದರೆ ಪ್ರತಿ ಪಿಕ್ಸೆಲ್ ಮೊದಲಿನಂತೆಯೇ ಬರುತ್ತದೆ. ಅರ್ಧದಷ್ಟೋ ಇನ್ನೂ ಕಡಿಮೆಯೋ ಜಾಗ ಸಾಕು. ಟೇಪಿನಲ್ಲಿ ನಾಯ್ಸ್ (ಚಿತ್ರದ ಮೇಲೆ ಕಾಣುವ ಕಾಳುಕಾಳು) ಜಾಸ್ತಿ ಇದ್ದಷ್ಟೂ ಫೈಲ್ ದೊಡ್ಡದಾಗುತ್ತದೆ.

ಇದು ಯಾವುದೋ ಒಂದು ಕಂಪನಿಯ ಸ್ವತ್ತಲ್ಲ ಅನ್ನುವುದು ನನಗೆ ಮುಖ್ಯವಾಯಿತು. ಎಫ್‌ಎಫ್‌ವಿ1 ಹೇಗೆ ಕೆಲಸ ಮಾಡುತ್ತದೆ ಅನ್ನುವ ಪೂರ್ತಿ ವಿವರ 2021ರಲ್ಲಿ ಆರ್‌ಎಫ್‌ಸಿ 9043 (ಆರ್‌ಎಫ್‌ಸಿ ಅಂದರೆ ಯಾರು ಬೇಕಾದರೂ ಓದಬಹುದಾದ ಇಂಟರ್ನೆಟ್ ತಾಂತ್ರಿಕ ದಾಖಲೆ) ಆಗಿ ಬಂತು. ಎಂಕೆವಿ, ಅಂದರೆ ಮಟ್ರೋಸ್ಕಾದ ವಿವರ 2024ರಲ್ಲಿ ಆರ್‌ಎಫ್‌ಸಿ 9559 ಆಗಿ ಬಂತು. ಮುಂದೆ ಇವನ್ನು ಓದುವ ಪ್ಲೇಯರ್ ಇಲ್ಲದೇ ಹೋದರೂ, ಹೊಸದಾಗಿ ಒಂದು ಬರೆಯಲು ಬೇಕಾದ್ದೆಲ್ಲ ಬಹಿರಂಗವಾಗಿ ಇದೆ. ಇನ್ನೊಂದು ಅನುಕೂಲ: ಎಫ್‌ಎಫ್‌ವಿ1ನ ಮೂರನೇ ಆವೃತ್ತಿಯಲ್ಲಿ ಪ್ರತಿ ಫ್ರೇಮನ್ನು ತುಂಡುಗಳಾಗಿ ಮಾಡಿ, ಒಂದೊಂದು ತುಂಡಿಗೂ ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಅಂತ ಪರೀಕ್ಷಿಸುವ ಸಂಖ್ಯೆ) ಹಾಕಬಹುದು. ಡಿಸ್ಕ್ ಕೆಟ್ಟು ಒಂದು ಕಡೆ ಬಿಟ್ ಹಾಳಾದರೆ ಎಲ್ಲಿ ಹಾಳಾಗಿದೆ ಅಂತ ಗೊತ್ತಾಗುತ್ತದೆ. ರೆಕಾರ್ಡ್ ಆಗುವಾಗಲೂ ಎಂಕೆವಿ ಒಳ್ಳೆಯದು. ಸಾಮಾನ್ಯ ಎಂಪಿ4ನಲ್ಲಿ ಸೂಚಿ ಬರೆಯುವುದು ಕೊನೆಯಲ್ಲಿ. ಮಧ್ಯದಲ್ಲಿ ಕರೆಂಟ್ ಹೋದರೆ ಇಡೀ ಫೈಲ್ ತೆರೆಯುವುದೇ ಇಲ್ಲ. ಎಂಕೆವಿಯಲ್ಲಿ ಅಲ್ಲಿಯವರೆಗಿನದ್ದು ಸಿಗುತ್ತದೆ.

ಹಾಗಂತ ಎಲ್ಲ ಕ್ಯಾಸೆಟ್‌ಗೂ ಈ ಮರ್ಯಾದೆ ಕೊಡಲಿಲ್ಲ. ಮನೆಯವರು ಇರುವ ಟೇಪುಗಳಿಗೆ ಮಾತ್ರ ಎಫ್‌ಎಫ್‌ವಿ1. ಟಿವಿಯಿಂದ ರೆಕಾರ್ಡ್ ಮಾಡಿಕೊಂಡಿದ್ದ ಕಾರ್ಯಕ್ರಮಗಳು ನೇರ ಎಚ್.264ಗೆ ಹೋದವು.

ಇಂಟರ್ಲೇಸ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದರೆ ಹಳೆಯ ವಿಡಿಯೋ ಹಾಳಾಗುವುದು ಹೆಚ್ಚಾಗಿ ಇಲ್ಲೇ. ವಿಎಚ್‌ಎಸ್, ಡಿವಿ, ಡಿವಿಡಿ ಕ್ಯಾಮ್‌ಕಾರ್ಡರ್ ಇವುಗಳಲ್ಲೆಲ್ಲ ಒಂದು ಫ್ರೇಮ್ ಅಂದರೆ ಎರಡು ಅರ್ಧ ಚಿತ್ರಗಳು. ಸಮ ಸಾಲುಗಳು ಒಂದು ಕ್ಷಣದವು, ಬೆಸ ಸಾಲುಗಳು ಇನ್ನೊಂದು ಕ್ಷಣದವು. ನಮ್ಮಲ್ಲಿದ್ದ ಪಾಲ್ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ ಇಂಥ 50 ಅರ್ಧ ಚಿತ್ರ. ಮಗು ಓಡುವುದು ಟಿವಿಯಲ್ಲಿ ಅಷ್ಟು ಸರಾಗವಾಗಿ ಕಾಣುತ್ತಿದ್ದುದು ಅದರಿಂದಲೇ. ಕಂಪ್ಯೂಟರಿನ ಪರದೆಯಲ್ಲಿ ಓಡುವವರ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಾಣುತ್ತದಲ್ವಾ, ಅದು ಈ ಎರಡು ಅರ್ಧಗಳು ಒಟ್ಟಿಗೆ ಕಂಡಾಗ ಆಗುವುದು. ಸುಮಾರು ಕನ್ವರ್ಟರ್‌ಗಳು ಆ ಗೆರೆ ತೆಗೆಯಲು ಒಂದು ಅರ್ಧವನ್ನೇ ಎಸೆದುಬಿಡುತ್ತವೆ. ಗೆರೆ ಹೋಗುತ್ತದೆ, ಜೊತೆಗೆ ಚಲನೆಯ ಅರ್ಧವೂ ಹೋಗುತ್ತದೆ. ಅದಕ್ಕೇ ಮೂಲದಲ್ಲಿ ಇಂಟರ್ಲೇಸನ್ನು ಹಾಗೇ ಉಳಿಸಿದೆ. ನೋಡುವ ಪ್ರತಿಗೆ ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರಿನ ಬಿಡಬ್ಲ್ಯೂಡಿಐಎಫ್ ಫಿಲ್ಟರ್ ಹಾಕಿ, ಪ್ರತಿ ಅರ್ಧದಿಂದ ಒಂದೊಂದು ಪೂರ್ತಿ ಫ್ರೇಮ್ ಮಾಡಿಸಿ, ಸೆಕೆಂಡಿಗೆ 50 ಫ್ರೇಮ್ ಪಡೆದೆ. ಮುಂದೆ ಇದಕ್ಕಿಂತ ಒಳ್ಳೆಯ ಫಿಲ್ಟರ್ ಬಂದರೆ ಮೂಲದಿಂದ ಮತ್ತೆ ಮಾಡಿಕೊಳ್ಳಬಹುದು.

ಅದೇ ಹೊತ್ತಿಗೆ ಅಳತೆಯನ್ನೂ ನೋಡಬೇಕು. 720 ಗುಣಿಲೆ 576 ಅನ್ನುವ ಈ ವಿಡಿಯೋದ ಪಿಕ್ಸೆಲ್‌ಗಳು ಚೌಕಾಕಾರ ಅಲ್ಲ. 4:3 ಅಂತ ಗುರುತು ಇಲ್ಲದಿದ್ದರೆ ಮುಖಗಳು ಸೊರಗಿ ಕಾಣುತ್ತವೆ, 16:9ಕ್ಕೆ ಎಳೆದರೆ ಎಲ್ಲರೂ ದಪ್ಪ. ನೋಡುವ ಪ್ರತಿಯನ್ನು 768 ಗುಣಿಲೆ 576 ಮಾಡಿಟ್ಟೆ.

ಡಿವಿಡಿಗಳಲ್ಲಿ ವಿಡಿಯೋ ಇರುವ ವಿಒಬಿ ಫೈಲುಗಳನ್ನು ಎಂಕೆವಿಗೆ ಹಾಕಿದೆ, ಎನ್‌ಕೋಡ್ ಮಾಡದೆ. ಎಫ್‌ಎಫ್‌ಎಂಪೆಗ್‌ನಲ್ಲಿ ಕೊಡೆಕ್ ಕೇಳುವಲ್ಲಿ 'ಕಾಪಿ' ಅಂತ ಕೊಟ್ಟರೆ ಒಳಗಿನದ್ದು ಹಾಗೇ ಇರುತ್ತದೆ, ಡಬ್ಬಿ ಮಾತ್ರ ಬದಲಾಗುತ್ತದೆ. ನಿಮಿಷಗಳ ಕೆಲಸ. ಅವುಗಳೊಳಗಿನ ಎಂಪೆಗ್-2 ಕೊಡೆಕ್ ಹಳೆಯದಾದರೂ ಇವತ್ತಿಗೂ ಸುಮಾರು ಎಲ್ಲ ಪ್ಲೇಯರ್‌ಗಳೂ ಓದುತ್ತವೆ, ಅವಸರವೇನಿಲ್ಲ.

ಎಂಟಿಎಸ್ ಫೈಲುಗಳಿಗೆ ಅದನ್ನೂ ಮಾಡಲಿಲ್ಲ. ಇವು 2006ರಲ್ಲಿ ಸೋನಿ, ಪ್ಯಾನಾಸೋನಿಕ್ ಸೇರಿ ತಂದ ಎವಿಸಿಎಚ್‌ಡಿ ಪದ್ಧತಿಯವು. ಒಳಗಿರುವುದು ಎಚ್.264. ಎಫ್‌ಎಟಿ32 ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡಿನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಹಾಗಾಗಿ ಉದ್ದದ ಶಾಟ್‌ಗಳು ತುಂಡಾಗಿರುತ್ತವೆ. ಯಾವ ತುಂಡಿನ ನಂತರ ಯಾವುದು ಅನ್ನುವ ಮಾಹಿತಿ ಪಕ್ಕದ ಪ್ಲೇಲಿಸ್ಟ್ ಫೋಲ್ಡರಿನಲ್ಲಿ ಇರುತ್ತದೆ. ಎಂಟಿಎಸ್ ಮಾತ್ರ ಎತ್ತಿಕೊಂಡು ಬಂದರೆ ಆ ಮಾಹಿತಿ ಕಾರ್ಡಿನಲ್ಲೇ ಉಳಿಯುತ್ತದೆ. ಕಾರ್ಡಿನ ಇಡೀ ಫೋಲ್ಡರನ್ನು ಹಾಗೇ ನಕಲು ಮಾಡಿದೆ.

3ಜಿಪಿ ಫೈಲುಗಳು ನೋಡಲು ಚಿಲ್ಲರೆ ಅನ್ನಿಸುತ್ತವೆ. ನನ್ನ ಲೆಕ್ಕದಲ್ಲಿ ಅಪಾಯ ಹೆಚ್ಚು ಇರುವುದು ಅವಕ್ಕೇ. ಚಿತ್ರ ಎಚ್.263, ಧ್ವನಿ ಎಎಂಆರ್. ಹಲವು ಪ್ಲೇಯರ್‌ಗಳಲ್ಲಿ ಚಿತ್ರ ಓಡಿದರೂ ಧ್ವನಿ ಬರುವುದಿಲ್ಲ. ಹಳೆಯ ಎವಿಐಗಳಲ್ಲಿ ಇಂಡಿಯೋ, ಸಿನಿಪ್ಯಾಕ್ ಅನ್ನುವ ಹಳೆಯ ಕೊಡೆಕ್‌ಗಳು ಸಿಕ್ಕರೂ ಇದೇ ಪಾಡು. ಇವಕ್ಕೆಲ್ಲ ನೋಡುವ ಪ್ರತಿ ಕೂಡಲೇ ಮಾಡಿದೆ. ಮೂಲ ಅಳಿಸಲಿಲ್ಲ, ಅವು ಹಿಡಿಯುವ ಜಾಗವೇ ಅಷ್ಟಕ್ಕಷ್ಟೇ.

ಫೋನಿನ ವಿಡಿಯೋಗಳಲ್ಲಿ ಎಚ್.265 ಜಾಸ್ತಿ. ಐಫೋನ್‌ಗೆ ಅದು ಬಂದದ್ದು 2017ರಲ್ಲಿ. ಎಚ್‌ಡಿಆರ್ (ಬೆಳಕು-ನೆರಳಿನ ಹೆಚ್ಚಿನ ವ್ಯಾಪ್ತಿ) ಇರುವ ವಿಡಿಯೋವನ್ನು ಸುಮ್ನೆ ಯಾವುದೋ ಕನ್ವರ್ಟರ್‌ಗೆ ಹಾಕಿದರೆ ಬಣ್ಣ ಪೇಲವವಾಗುತ್ತದೆ. ಅವನ್ನು ಮುಟ್ಟಲಿಲ್ಲ. ಬೇರೆಯವರು ತೆಗೆದ ವಿಡಿಯೋ ಬೇಕಾದಾಗ ಮೆಸೇಜ್ ಆ್ಯಪಿನಲ್ಲಿ ವಿಡಿಯೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳುತ್ತೇನೆ. ವಿಡಿಯೋ ಆಗಿ ಬಂದದ್ದು ದಾರಿಯಲ್ಲೇ ಸೊರಗಿರುತ್ತದೆ.

ನೋಡುವ ಪ್ರತಿ ಮಾತ್ರ ಎಲ್ಲಕ್ಕೂ ಒಂದೇ: ಎಂಪಿ4 ಡಬ್ಬಿ, ಎಚ್.264 ಚಿತ್ರ, ಎಎಸಿ ಧ್ವನಿ, 8 ಬಿಟ್, 4:2:0. ಎಚ್.264 ಮಾಡುವ ಎಕ್ಸ್264 ಎನ್‌ಕೋಡರ್‌ನಲ್ಲಿ ಸಿಆರ್‌ಎಫ್ (ಗುಣಮಟ್ಟದ ಮಟ್ಟ, ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಒಳ್ಳೆಯದು) 18ರಿಂದ 20. ಎವಿ1ನಲ್ಲಿ ಫೈಲ್ ಇನ್ನೂ ಸಣ್ಣದಾಗುತ್ತದೆ, ನಿಜ. ಆದರೆ ಎವಿ1 ಬಂದದ್ದು 2018ರಲ್ಲಿ, ಎಚ್.264 ಬಂದದ್ದು 2003ರಲ್ಲಿ. ನೆಂಟರ ಮನೆಯ ಹಳೆಯ ಟಿವಿಯಲ್ಲೂ ಓಡುವುದು ಎರಡನೆಯದೇ. ಗ್ರಾಫಿಕ್ಸ್ ಕಾರ್ಡಿನ ಎನ್‌ಕೋಡರ್ ಬೇಗ ಮುಗಿಸುತ್ತದೆ. ಆದರೆ ಅಷ್ಟೇ ಗುಣಮಟ್ಟಕ್ಕೆ ಫೈಲ್ ಸಾಮಾನ್ಯವಾಗಿ ದೊಡ್ಡದಾಗುತ್ತದೆ. ರಾತ್ರಿ ಬಿಟ್ಟು ಮಲಗಿದರೆ ನಿಧಾನವಾದರೂ ನಡೆಯುತ್ತದೆ ಅಲ್ವಾ, ನಾನು ಪ್ರೊಸೆಸರ್‌ನಲ್ಲೇ ಮಾಡಿಸಿದೆ.

ಎನ್‌ಕೋಡ್ ಮಾಡಿದ ಫೈಲಿಗೆ ಕಂಪ್ಯೂಟರ್ ಇವತ್ತಿನ ದಿನಾಂಕ ಹಾಕಿಬಿಡುತ್ತದೆ. ಅದಕ್ಕೆ ಶೂಟ್ ಮಾಡಿದ ದಿನವನ್ನು ಹೆಸರಿನಲ್ಲೇ ಬರೆದೆ, ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಹೆಸರಿನ ಪ್ರಕಾರ ಜೋಡಿಸಿದರೆ ತಾವಾಗಿ ಕಾಲಕ್ರಮದಲ್ಲಿ ಕೂರುತ್ತವೆ. ಪ್ರತಿ ಮೂಲ ಫೈಲಿಗೂ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತೆಗೆದು ಒಂದು ಪಠ್ಯ ಫೈಲಿನಲ್ಲಿ ಬರೆದಿಟ್ಟೆ. ಮೂಲಗಳು ಎರಡು ಡಿಸ್ಕಿನಲ್ಲಿವೆ, ಮೂರನೆಯ ಪ್ರತಿ ಬೇರೆ ಮನೆಯಲ್ಲಿದೆ. ಹೊಸ ಡಿಸ್ಕಿಗೆ ನಕಲು ಮಾಡಿದಾಗಲೆಲ್ಲ ಚೆಕ್‌ಸಮ್ ಓಡಿಸಿ, ಎಲ್ಲವೂ ತಾಳೆಯಾದ ಮೇಲೆಯೇ ಹಳೆಯ ಡಿಸ್ಕನ್ನು ಬೇರೆ ಕೆಲಸಕ್ಕೆ ಬಿಡುತ್ತೇನೆ.